ಬಾಡಿಗೆ ಕೊಡದ ಬೇಟೆಹಕ್ಕಿ

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರ ಕಾಗದ: "ಹೋದ ಸಂಚಿಕೆಯಲ್ಲಿ ಆಫ್ರಿಕಾದ ಪಿಗ್ಮಿ ಫಾಲ್ಕನ್ ಹಕ್ಕಿಯನ್ನು ಬಹಳ ಹೊಗಳಿದ್ದೀರಿ. ಅದು ಒಂದು ಕಡ್ಡಿಯನ್ನೂ ತರುವುದಿಲ್ಲ. ಬೇರೆಯವರು ಕಟ್ಟಿದ ಗೂಡಿಗೆ ನುಗ್ಗುತ್ತದೆ. ಸಾಲದ್ದಕ್ಕೆ ಆ ಮನೆಯವರ ಮರಿಗಳನ್ನೇ ತಿನ್ನುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದ ಹಾಗಾಯಿತು. ಲೋಕದ ಅತಿ ಚಿಕ್ಕ ಬೇಟೆಹಕ್ಕಿ ಎಂದ ಮಾತ್ರಕ್ಕೆ ಇಂಥ ಕೃತಘ್ನನನ್ನು ಮಕ್ಕಳಿಗೆ ತೋರಿಸಬೇಕೇ? ನಮ್ಮ ಗೀಜಗನನ್ನು ನೋಡಿ ಕಲಿಯಲಿ. ಅದರ ಗೂಡೊಂದನ್ನು ಬಾವಿಕಟ್ಟೆಯಿಂದ ತಂದು ನಡುಮನೆಯಲ್ಲಿ ನೇತುಹಾಕಿದ್ದೇನೆ."

ಮೇಷ್ಟ್ರೇ, ಆಗೊಮ್ಮೆ ಈಗೊಮ್ಮೆ ಮರಿ ತಿನ್ನುವುದು ನಿಜ. ಒಪ್ಪಿದೆ. ಆದರೆ ಹುತ್ತದ ಮಾತು ಎತ್ತಿದವರು ನೀವು. ಗೆದ್ದಲ ಮನೆ ಹಿಡಿದ ಆ ಹಾವಿಗೆ ನಾಗರಪಂಚಮಿಯ ದಿನ ಹಾಲೆರೆಯುವವರು ಯಾರು? ಕಾಗೆಯ ಗೂಡಲ್ಲಿ ಮೊಟ್ಟೆಯಿಟ್ಟು ಹೋಗುವ ಕೋಗಿಲೆಯ ಮೇಲೆ ಈ 20 ವರ್ಷದಲ್ಲಿ ನನಗೆ ಒಂದು ದೂರೂ ಬಂದಿಲ್ಲ. ಯುಗಾದಿ ಸಂಚಿಕೆಗೆ ಕವನ ಮಾತ್ರ ಚೀಲಗಟ್ಟಲೆ. ದನಿ ಚೆನ್ನಾಗಿದ್ದರೆ ಸಾಕು, ಅಲ್ವಾ?

ಫಾಲ್ಕನ್ ನುಗ್ಗುವ, ಆಫ್ರಿಕಾದ ಕಲಹರಿ ಮರುಭೂಮಿಯ ಆ ಗೂಡನ್ನು ಒಮ್ಮೆ ನೆನೆಸಿಕೊಳ್ಳಿ. ಮುಳ್ಳುಮರದ ಮೇಲೆ ಯಾರೋ ಹುಲ್ಲಿನ ಬಣವೆ ಎತ್ತಿಟ್ಟ ಹಾಗಿರುತ್ತದೆ. ಸೋಷಿಯಬಲ್ ವೀವರ್ ಎಂಬ ಗುಬ್ಬಿ ಗಾತ್ರದ ಹಕ್ಕಿಗಳು ತಲೆಮಾರುಗಟ್ಟಲೆ ಸೇರಿ ಕಟ್ಟಿದ್ದು. ಬಾಗಿಲೆಲ್ಲ ಕೆಳಗಡೆ. ಒಂದೊಂದು ಗೂಡಲ್ಲಿ ನೂರಾರು ಹಕ್ಕಿ. ಮಳೆಯಲ್ಲಿ ನೆಂದು ಭಾರವಾದರೆ ಕೊಂಬೆಯೇ ಮುರಿದು ಬೀಳುವುದುಂಟು. ಚಳಿಗಾಲದ ರಾತ್ರಿ ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಬೆಚ್ಚಗೆ. ಅಲ್ಲಿಗೆ ಬರುತ್ತದೆ ನಿಮ್ಮ ಕೃತಘ್ನ. ತೂಕ ಸುಮಾರು 60 ಗ್ರಾಂ, ಒಂದು ಕೋಳಿಮೊಟ್ಟೆಯಷ್ಟು. ಬೆನ್ನು ಗಂಡಿಗೆ ಬೂದು, ಹೆಣ್ಣಿಗೆ ಕೆಂಗಂದು. ಹಲ್ಲಿ ಹಾತೆ, ಮಿಡತೆ ಹಿಡಿದು ಬದುಕುತ್ತದೆ. ಚಳಿಗೆ ಒಂದೇ ಕೋಣೆಯಲ್ಲಿ ಹಲವು ಮುದುಡಿ ಮಲಗುತ್ತವೆ. ಅದು ಯಾವ ಕೋಣೆ ಎಂದು ಹುಡುಕಬೇಕಿಲ್ಲ, ಬಾಗಿಲ ಸುತ್ತ ಹಿಕ್ಕೆ ಬೆಳ್ಳಗೆ ಮೆತ್ತಿರುತ್ತದೆ.

ಅದೊಂದೇ ಅಲ್ಲಿ ಬಿಟ್ಟಿ ಕೂತಿಲ್ಲ. ನಾವು ಪಂಜರದಲ್ಲಿ ಸಾಕುವ ಲವ್‌ಬರ್ಡ್‌ನ ಕಾಡು ನೆಂಟರೂ ಅಲ್ಲೇ ಸಂಸಾರ ಹೂಡುತ್ತಾರೆ. ಬಣ್ಣ ಚೆನ್ನಾಗಿದೆ ನೋಡಿ, ಅವರ ಮೇಲೆ ದೂರಿಲ್ಲ! ತಮಾಷೆಯೆಂದರೆ, ಫಾಲ್ಕನ್‌ಗಳಿಗೆ ಹದ್ದಿಗಿಂತ ಗಿಳಿಯೇ ಹತ್ತಿರದ ಸಂಬಂಧಿ ಎಂದು ಡಿಎನ್‌ಎ ಪರೀಕ್ಷೆ ತೋರಿಸಿದೆ. ಇನ್ನು ಕೇಪ್ ನಾಗರ ಎಂಬ ಅಲ್ಲಿನ ಹಾವು ಬಂತೆಂದರೆ ಬಾಗಿಲಿಂದ ಬಾಗಿಲಿಗೆ ನುಗ್ಗಿ ಮರಿಗಳನ್ನು ಗುಡಿಸಿ ಹಾಕುತ್ತದೆ. ಅದರ ಮುಂದೆ ಈ ಫಾಲ್ಕನ್ ಯಾವ ಲೆಕ್ಕ?

ನನ್ನ ಪಕ್ಷಪಾತಕ್ಕೆ ಕಾರಣವೂ ಉಂಟು. ಬೆಂಗಳೂರಿಗೆ ಬಂದ ಹೊಸದರಲ್ಲಿ ಒಂದು ಕೋಣೆಗೆ 10 ತಿಂಗಳ ಅಡ್ವಾನ್ಸ್ ಕೊಟ್ಟಿದ್ದೆ. ಖಾಲಿ ಮಾಡುವಾಗ ಸುಣ್ಣಬಣ್ಣದ ಹೆಸರಲ್ಲಿ ಎರಡು ತಿಂಗಳದ್ದು ಹಿಡಿದುಕೊಂಡರು. ಊರಿಂದ ಅಪ್ಪ ಬಂದು ನಾಲ್ಕು ದಿನ ಉಳಿದರೆ ನೀರಿನ ಲೆಕ್ಕ. ಅಂದಿನಿಂದ ಕಡ್ಡಿ ತರದವರ ಕಡೆಯೇ ನನ್ನ ಒಲವು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಮಕ್ಕಳ ಪುಸ್ತಕ ತೆಗೆಯಿರಿ, ನರಿ ಮೋಸಗಾರ, ಇರುವೆ ದುಡಿಮೆಗಾರ, ಕತ್ತೆ ಪೆದ್ದ. ಪರೀಕ್ಷೆಯಲ್ಲಿ ಕೇಳುವುದು "ಈ ಕಥೆಯ ನೀತಿಯೇನು?" ನರಿ ಏನು ತಿನ್ನುತ್ತದೆ, ಎಲ್ಲಿ ಮರಿ ಹಾಕುತ್ತದೆ ಎಂದು ಯಾರೂ ಕೇಳಲಿಲ್ಲ. ನಾವು ಪ್ರಾಣಿಗಳಿಗೆಲ್ಲ ನಡತೆಯ ಸರ್ಟಿಫಿಕೇಟ್ ಬರೆದುಕೊಡುತ್ತಾ ಬೆಳೆದವರು.

ಲೋಕದ ಅತಿ ಚಿಕ್ಕ ಎಂದು ಅಚ್ಚಾಗಿದ್ದು ಮಾತ್ರ ನಮ್ಮ ತಪ್ಪು. ಆಫ್ರಿಕಾಕ್ಕೆ ಅದೇ ಚಿಕ್ಕದು. ಆಗ್ನೇಯ ಏಷ್ಯಾದಲ್ಲಿ ಫಾಲ್ಕೊನೆಟ್ ಎಂಬ ಇನ್ನೂ ಪುಟ್ಟ ಬೇಟೆಹಕ್ಕಿಗಳಿವೆ.

ಕೊನೆಗೆ, ನಿಮ್ಮ ನಡುಮನೆಯ ಗೀಜಗನ ಗೂಡು. ಗೀಜಗ ಬಿಟ್ಟುಹೋದ ಗೂಡಲ್ಲಿ ರಾಟವಾಳ ಎಂಬ ಪುಟ್ಟ ಹಕ್ಕಿಗಳು ರಾತ್ರಿ ಮಲಗುತ್ತವೆ, ಮರಿಯನ್ನೂ ಮಾಡುತ್ತವೆ. ಕಿತ್ತು ತರುವ ಮೊದಲು ಒಳಗೆ ಯಾರಿದ್ದಾರೆಂದು ಇಣುಕಿದಿರಾ, ಮೇಷ್ಟ್ರೇ?

— ಸಂ.