ಎಮಿಟ್ ಪದಕ್ಕೆ ಬದಲಾಗಿ ಯಾವ ಪದ, ಎಲ್ಲಿ?

ಇಂಗ್ಲಿಷಿನ ಎಮಿಟ್ ಪದಕ್ಕೆ ಸಮಾನ ಪದಗಳು ಯಾವುವು, ಯಾವುದನ್ನು ಎಲ್ಲಿ ಬಳಸಬೇಕು ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಈ ಪದ ವರ್ಷಕ್ಕೊಮ್ಮೆಯಾದರೂ ನನ್ನ ತಲೆ ತಿನ್ನುತ್ತದೆ.

ಪದ ನಿಮಗೆ ಹೊಸದೇನಲ್ಲ. ಬಂಕ್ ಪಕ್ಕ ಗಾಡಿಗೆ 'ಎಮಿಷನ್' ಮಾಡಿಸುತ್ತೀರಲ್ಲ, ಸೈಲೆನ್ಸರ್ ಒಳಗೆ ಕೊಳವೆ ತೂರಿಸಿ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ನೋಡುತ್ತಾರಲ್ಲ, ಅದೇ ಇದು. ಎಲ್‌ಇಡಿ ಬಲ್ಬಿನ 'ಇ' ಕೂಡ ಇದೇ, ಲೈಟ್ ಎಮಿಟಿಂಗ್ ಡಯೋಡ್. ಲ್ಯಾಟಿನ್‌ನಲ್ಲಿ 'ಮಿಟ್ಟೆರೆ' ಅಂದರೆ ಕಳಿಸು, ಅದರ ಮುಂದೆ ಸೇರಿರುವ 'ಎ' ಅಂದರೆ 'ಹೊರಗೆ', ಒಟ್ಟಿನಲ್ಲಿ ಹೊರಕ್ಕೆ ಬಿಡು ಅಂತ. ಪರ್ಮಿಟ್, ಅಡ್ಮಿಟ್ ಎಲ್ಲ ಇದರ ದಾಯಾದಿಗಳು.

ಎಡವುವುದು ಎಲ್ಲಿ ಅಂದರೆ, ನಾವು 'ಆಲೆಮನೆಯಿಂದ ವಾಸನೆ ಬರ್ತಿದೆ' ಅನ್ನುತ್ತೇವೆ. ಅದನ್ನೇ ಮಕ್ಕಳು 'ಸ್ಮೆಲ್ ಈಸ್ ಎಮಿಟಿಂಗ್ ಫ್ರಮ್' ಅಂತ ಬರೆಯುತ್ತಾರೆ. ತಪ್ಪು. ವಾಸನೆ ಎಮಿಟ್ ಮಾಡಲ್ಲ, ಆಲೆಮನೆ ಮಾಡುತ್ತದೆ, ವಾಸನೆಯನ್ನು. ನಿಮಗೆ ವಾಸನೆಯಿಂದಲೇ ವಾಕ್ಯ ಶುರು ಮಾಡಬೇಕಾ, 'ಎಮನೇಟ್' ಹಾಕಿ. ಕನ್ನಡದಲ್ಲೂ ಈ ವ್ಯತ್ಯಾಸ ಇದೆ ನೋಡಿ: ವಾಸನೆ ತಾನೇ ಹೊಮ್ಮುತ್ತದೆ, ಹೂವು ವಾಸನೆಯನ್ನು ಸೂಸುತ್ತದೆ. ಹೊಮ್ಮು ಅಂದರೆ ಎಮನೇಟ್, ಸೂಸು ಅಂದರೆ ಎಮಿಟ್. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗೀತು.

ಉಳಿದದ್ದಕ್ಕೂ ಆಲೆಮನೆಗೇ ಬನ್ನಿ. ಒಣಗಿದ ಕಬ್ಬಿನ ಸಿಪ್ಪೆ ತುಂಬಿ ಒಲೆ ಉರಿಸುತ್ತಿರುತ್ತಾರೆ, ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೊರೆ ನೊರೆಯಾಗಿ ಕುದಿಯುತ್ತಿರುತ್ತದೆ, ಹತ್ತಿರ ನಿಂತರೆ ಮುಖ ಚುರುಗುಟ್ಟುತ್ತದೆ. ಒಲೆಯ ಆ ಕಾವಿಗೆ 'ರೇಡಿಯೇಟ್'. ಚಿಮಣಿಯ ಹೊಗೆಗೆ 'ಎಮಿಟ್'. ಕಪ್ಪಗೆ ದಟ್ಟವಾಗಿ ಕಾರುತ್ತಿದ್ದರೆ 'ಬೆಲ್ಚ್', ಆದರೆ ಅದರಲ್ಲಿ ಸ್ವಲ್ಪ ಬೈಗುಳ ಸೇರಿದೆ. ಕೊಪ್ಪರಿಗೆ ತೊಳೆದ ನೀರು ಮೋರಿಗೆ ಹೋದರೆ 'ಡಿಸ್ಚಾರ್ಜ್'. ಬೇವಿನ ಮರದಿಂದ ಅಂಟು ಒಸರುತ್ತದಲ್ವಾ, ಅದು 'ಎಕ್ಸ್ಯೂಡ್'. ಇದು ಮೊದಲು ಬೆವರಿನ ಮಾತು, ಈಗ ಕಾನ್ಫಿಡೆನ್ಸ್‌ಗೂ ಬಳಸುತ್ತಾರೆ: ಮಾತಾಡದೆ ಸುಮ್ನೆ ಕೂತಿದ್ದರೂ ಕೆಲವರ ಮುಖದಲ್ಲಿ ಧೈರ್ಯ ಒಸರುತ್ತಿರುತ್ತದೆ. ಹಿಡಿದಿಟ್ಟಿದ್ದನ್ನು ಬಿಟ್ಟರೆ 'ರಿಲೀಸ್'. ಕೆಆರ್‌ಎಸ್‌ನಿಂದ ನಾಲೆಗೆ ನೀರು ರಿಲೀಸ್ ಆಗುತ್ತದೆ, ಎಮಿಟ್ ಆಯ್ತು ಅಂದರೆ ನಮ್ಮೂರ ರೈತರು ನಗುತ್ತಾರೆ.

ಆಡುಮಾತಿಗೆ ನನ್ನ ಓಟು 'ಗಿವ್ ಆಫ್'ಗೆ. ಎಮಿಟ್ ಸ್ವಲ್ಪ ಲ್ಯಾಬ್ ವಾಸನೆಯ ಪದ. ಬೆಳಕು, ಶಾಖ, ಅನಿಲ, ಮಷೀನಿನ ಬೀಪ್ ಸದ್ದು, ಇವಕ್ಕೆ ಸರಿಹೋಗುತ್ತದೆ. ಮೈಸೂರು ಮಲ್ಲಿಗೆ ಘಮ ಎಮಿಟ್ ಮಾಡುತ್ತದೆ ಅಂದರೆ ವ್ಯಾಕರಣ ಸರಿ, ಆದರೆ ಹೂ ಮುಡಿದವರಿಗೆ ಬೇಜಾರಾಗುತ್ತದೆ.

ಸ್ಪೆಲ್ಲಿಂಗ್‌ನಲ್ಲಿ 'ಎಂ' ಒಂದೇ, ಎಮಿಟೆಡ್ ಬರೆಯುವಾಗ 'ಟಿ' ಎರಡು. ಒಮಿಟ್ ಜೊತೆ ಕಲೆಸಬೇಡಿ, ಅದಕ್ಕೆ ಕೈಬಿಡು ಅಂತ ಅರ್ಥ. ಕಾರ್ಖಾನೆ ಹೊಗೆಯನ್ನು 'ಒಮಿಟ್' ಮಾಡುತ್ತದೆ ಅಂತ ಒಬ್ಬ ಹುಡುಗ ಬರೆದಿದ್ದ. ಹಾಗಾಗಿದ್ದರೆ ಒಳ್ಳೇದೇ ಇತ್ತು, ಮಾರ್ಕ್ಸ್ ಮಾತ್ರ ಕೊಡಲಿಲ್ಲ.