ಅಬ್ದುಲ್ ನಜೀರ್ ಸಾಬ್ ಯಾರು, ಅವರನ್ನು 'ನೀರ್ ಸಾಬ್' ಅನ್ನುವುದೇಕೆ?

ಮೊದಲ ಸಲ ಗ್ರಾಮ ಪಂಚಾಯ್ತಿಗೆ ಆರಿಸಿಬಂದು ಮೈಸೂರಿಗೆ ತರಬೇತಿಗೆ ಹೊರಟಿದ್ದೀರಿ. ಲಲಿತಮಹಲ್ ರಸ್ತೆಯ ಆ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬರ ಹೆಸರು ಯಾಕಿದೆ, ನಿಮ್ಮ ಮಾವನವರು ಅವರನ್ನು 'ನೀರ್ ಸಾಬ್' ಅಂದಿದ್ದೇಕೆ ಎಂದು ಕೇಳಿದ್ದೀರಿ. ನಾನು ಇತಿಹಾಸದ ಮೇಷ್ಟ್ರಲ್ಲ. ಆದರೆ ನಮ್ಮದು ಮಧುಗಿರಿ ಕಡೆಯ ಒಣ ಊರು, ಆ ಹೆಸರು ಕೇಳಿಯೇ ಬೆಳೆದವನು. ಹಾಗಾಗಿ ಉತ್ತರಿಸುತ್ತೇನೆ.

ನಜೀರ್ ಸಾಬರು ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆ, ಈಗ ಚಾಮರಾಜನಗರ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತಲ್ಲ, ಅದರಲ್ಲಿ ಇವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಅಂಥ ಖಾತೆ ಸಿಕ್ಕರೆ ಮುಖ ಸಿಂಡರಿಸುವವರೇ ಹೆಚ್ಚಿದ್ದ ಕಾಲ ಅದು. ಇವರು ಅದನ್ನೇ ದೊಡ್ಡದು ಮಾಡಿದರು.

ಮೊದಲು ನೀರಿನ ಮಾತು. ಎಂಬತ್ತರ ದಶಕದಲ್ಲಿ ವರ್ಷದ ಮೇಲೆ ವರ್ಷ ಬರ. ಬಾವಿಯ ತಳದಲ್ಲಿ ಕೆಸರು. ನಮ್ಮಮ್ಮ ನಸುಕಿಗೇ ಎದ್ದು ಯಾರದೋ ತೋಟದ ಬಾವಿಗೆ ಹೋಗಿ, ತೋಟದವರು ಬೈದರೆ ಬೈಸಿಕೊಂಡು ಒಂದು ಬಿಂದಿಗೆ ತರುತ್ತಿದ್ದಳು. ಆ ಹೊತ್ತಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸುವ ಕೆಲಸಕ್ಕೆ ನಜೀರ್ ಸಾಬರು ಟೊಂಕ ಕಟ್ಟಿ ನಿಂತರು. 250 ಜನಕ್ಕೊಂದು ಕೈಪಂಪು ಅನ್ನುವುದು ಆಗಿನ ಸರ್ಕಾರಿ ಲೆಕ್ಕ. ನಮ್ಮೂರಿಗೆ ರಿಗ್ ಲಾರಿ ಬಂದ ದಿನ ಇಸ್ಕೂಲಿಗೆ ಯಾರೂ ಹೋಗಲಿಲ್ಲ, ಮೇಷ್ಟ್ರೂ ಅಲ್ಲೇ ನಿಂತಿದ್ದರು. ಹಗಲೆಲ್ಲ ಬರೀ ಬೂದಿಯಂಥ ಕಲ್ಲುಪುಡಿ. ಸಂಜೆ ಅದು ಒದ್ದೆಯಾಗಿ, ಆಮೇಲೆ ನೀರು ಚಿಮ್ಮಿದಾಗ ಮುದುಕರೂ ಅದರಡಿ ನಿಂತು ನೆನೆದರು. ಆ ಪಂಪಿಗೆ ಊರಲ್ಲಿ 'ಬೋರಿಂಗು' ಅಂತಲೇ ಹೆಸರು. ಹಾಕಿಸಿದವರ ಹೆಸರು ನಜೀರ್ ಸಾಬ್ ಹೋಗಿ ನೀರ್ ಸಾಬ್ ಆಯ್ತು.

ಇದರಲ್ಲಿ ಎರಡು ಸಂಗತಿ ಯಾರೂ ಅಷ್ಟಾಗಿ ಹೇಳುವುದಿಲ್ಲ. ಬಿಜಾಪುರ, ರಾಯಚೂರು, ಗುಲ್ಬರ್ಗ ಕಡೆ ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಲ್ಲಿ ಬೊಬ್ಬೆಯೆದ್ದು, ದಾರದಂಥ ಎರಡು ಮೊಳ ಉದ್ದದ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಆ ರೋಗ ದೇಶದಿಂದಲೇ ಕಾಲ್ತೆಗೆಯಲು ಬೋರಿಂಗಿನ ಮುಚ್ಚಿದ ನೀರೂ ಒಂದು ಕಾರಣ. ಇನ್ನೊಂದು, ದಲಿತ ಕೇರಿಯೊಳಗೇ ಪಂಪು ಬಂದಲ್ಲಿ, ಬಾವಿ ಕಟ್ಟೆಯಿಂದ ದೂರದಲ್ಲಿ ಕೊಡ ಇಟ್ಟು 'ಯಾರಾದ್ರೂ ಒಂದಿಷ್ಟು ಹುಯ್ಯಿರವ್ವ' ಎಂದು ಕಾಯುವುದು ನಿಂತಿತು. ಜಾತಿ ಹೋಯಿತು ಅಂತಲ್ಲ. ಕಾಯುವುದು ನಿಂತಿತು.

ಈಗ ಸಾವಿರ ಅಡಿ ಕೊರೆದರೂ ನೀರಿಲ್ಲ, ಬಂದರೂ ಫ್ಲೋರೈಡು, ಇದಕ್ಕೆಲ್ಲ ಆ ಬೋರ್‌ವೆಲ್ಲುಗಳೇ ಮೂಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈಪಂಪು ಒತ್ತಿ ಕುಡಿಯಲು ಎಷ್ಟು ನೀರು ತೆಗೆಯಬಹುದು? ಅಂತರ್ಜಲ ಬತ್ತಿಸಿದ್ದು ಮೋಟರು ಕೂರಿಸಿದ ತೋಟದ ಬೋರುಗಳು.

ಆದರೆ ಮೈಸೂರಿನ ಸಂಸ್ಥೆಗೆ ಅವರ ಹೆಸರು ಬಂದಿದ್ದು ನೀರಿಂದಲ್ಲ, ಪಂಚಾಯ್ತಿಯಿಂದ. ಅಲ್ಲಿಯವರೆಗೆ ಇದ್ದದ್ದು 1959ರ ಕಾಯ್ದೆ: ಗ್ರಾಮ ಪಂಚಾಯ್ತಿ, ತಾಲ್ಲೂಕು ಬೋರ್ಡು, ಜಿಲ್ಲೆಯ ಮಟ್ಟದಲ್ಲಿ ಡಿ.ಸಿ.ಯೇ ದೊರೆ. ನಜೀರ್ ಸಾಬರು 1983ರಲ್ಲಿ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಕೆಲವು ಹಳ್ಳಿಗಳಿಗೊಂದು ಮಂಡಲ ಪಂಚಾಯ್ತಿ ಅನ್ನುವ ಹೊಸ ಕಾಯ್ದೆ ತಂದರು. ರಾಷ್ಟ್ರಪತಿಗಳ ಅಂಕಿತ ಸಿಗುವ ಹೊತ್ತಿಗೆ 1985 ಆಗಿತ್ತು, ಚುನಾವಣೆ ನಡೆದಿದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಡಿ.ಸಿ.ಗಿಂತ ಹಿರಿಯ ಐಎಎಸ್ ಅಧಿಕಾರಿ. ಕಚೇರಿಗಳಲ್ಲಿ ಇದನ್ನು ನುಂಗಿಕೊಳ್ಳುವುದು ಸುಲಭವಿರಲಿಲ್ಲ. ಶಾಸಕರಿಗೂ ಹೊಟ್ಟೆಯುರಿ, ಕೊನೆಗೆ ತಾಲ್ಲೂಕು ಪಂಚಾಯ್ತಿ ಸಮಿತಿ ಅಂತ ಚುನಾವಣೆಯಿಲ್ಲದ ಒಂದು ಸಲಹಾ ಸಮಿತಿ ಉಳಿಸಿ, ಅದರ ಅಧ್ಯಕ್ಷಗಿರಿ ಎಂ.ಎಲ್.ಎ.ಗಳಿಗೆ ಕೊಟ್ಟಿತ್ತು ಕಾಯ್ದೆ. ನನ್ನ ಕಣ್ಣಿಗೆ ಅದೇ ಅದರ ದುರ್ಬಲ ಕೊಂಡಿ.

ನಿಮಗೆ ಸಂಬಂಧಪಟ್ಟದ್ದು ಇದು: ಆ ಕಾಯ್ದೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸೀಟು ಮೀಸಲಿತ್ತು. ಸಂವಿಧಾನಕ್ಕೆ 73ನೇ ತಿದ್ದುಪಡಿಯಾಗಿ ಮೂರನೇ ಒಂದು ಪಾಲು ದೇಶಕ್ಕೆಲ್ಲ ಕಡ್ಡಾಯವಾದದ್ದು ಆಮೇಲೆ. ನಮ್ಮ ರಾಜ್ಯದಲ್ಲಿ ಈಗಿರುವ ಅರ್ಧ ಪಾಲು ಇನ್ನೂ ಈಚಿನದು.

ಈ ಕಾಯ್ದೆಗೆ ಬುನಾದಿ ಪಂಚಾಯತ್ ರಾಜ್ ಬಗ್ಗೆ ಕೇಂದ್ರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿಯ 1978ರ ವರದಿ, ಬೆನ್ನಿಗೆ ನಿಂತವರು ಹೆಗಡೆ. ಎಲ್ಲವನ್ನೂ ಒಬ್ಬರ ತಲೆಗೇ ಕಟ್ಟಬಾರದು. ಆದರೆ ಮಂತ್ರಿಯೊಬ್ಬ ತನ್ನ ಖಾತೆಯ ಅಧಿಕಾರವನ್ನು ತಾನೇ ಹಂಚಿ ಕೈ ಖಾಲಿ ಮಾಡಿಕೊಳ್ಳಲು ಓಡಾಡಿದ್ದನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ.

ಹೆಚ್ಚು ದಿನ ಉಳಿಯಲಿಲ್ಲ ಅವರು. 1988ರ ಆಗಸ್ಟಿನಲ್ಲಿ ಹೆಗಡೆ ಇಳಿದು ಎಸ್.ಆರ್. ಬೊಮ್ಮಾಯಿ ಬಂದರು, ಅದೇ ಅಕ್ಟೋಬರಿನಲ್ಲಿ ನಜೀರ್ ಸಾಬರು ಕ್ಯಾನ್ಸರಿನಿಂದ ತೀರಿಕೊಂಡರು. ಐದು ವರ್ಷದ ಅವಧಿ ಮುಗಿದ ಮೇಲೆ ಮಂಡಲಗಳಿಗೆ ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಕಾಯ್ದೆ ಬಂದ ಮೇಲೆಯೇ ನಿಮ್ಮ ಈಗಿನ ಗ್ರಾಮ ಪಂಚಾಯ್ತಿ.

ನೀರಿಗೂ ಪಂಚಾಯ್ತಿಗೂ ಏನು ನಂಟು ಅಂತ ನನಗೆ ಗೊತ್ತಾಗಿದ್ದು ನಮ್ಮ ಚಿಕ್ಕಮ್ಮನಿಂದ. 1987ರಲ್ಲಿ ಮೀಸಲು ಸೀಟಿನಲ್ಲಿ ಮಂಡಲ ಪಂಚಾಯ್ತಿಗೆ ಗೆದ್ದವಳು, ಸಹಿ ಮಾಡುವುದನ್ನು ಚುನಾವಣೆ ಮುಗಿದ ಮೇಲೆ ಕಲಿತಳು. ಅಲ್ಲಿಯವರೆಗೆ ಬೋರಿಂಗು ಕೆಟ್ಟರೆ ತಾಲ್ಲೂಕಾಫೀಸಿಗೆ ಬಸ್ಸು ಹತ್ತಿ ಅರ್ಜಿ ಕೊಟ್ಟು ಬರಬೇಕಿತ್ತು, ತಿಂಗಳುಗಟ್ಟಲೆ ಕಾಯಬೇಕಿತ್ತು. ಮೊದಲ ಸಭೆಯಲ್ಲಿ ಗಂಡಸರೆಲ್ಲ ಪ್ರಧಾನರಿಗೆ, ಅಂದರೆ ಮಂಡಲದ ಅಧ್ಯಕ್ಷರಿಗೆ, ಹಾರ ಹಾಕುವ ಗಲಾಟೆಯಲ್ಲಿದ್ದರಂತೆ. ಇವಳು ಎದ್ದು ನಿಂತು, 'ಹಾರ ಆಮೇಲ್ ಹಾಕ್ರಪ್ಪ, ಕೆಳಗಿನ ಕೇರಿ ಬೋರಿಂಗಿಗೆ ವಾಷರ್ ಯಾವಾಗ ಹಾಕ್ಸ್ತೀರಾ?' ಅಂದಳಂತೆ. ಆ ವಾರವೇ ಹಾಕಿಸಿದರು.