ಅಣ್ಣ ಗೈರು, ತಂಗಿ ಹಾಜರು: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಈ ಪ್ರಕರಣದಲ್ಲಿ ಮೊದಲು ನನ್ನ ಬಳಿ ಬಂದವರು ಶಿಕ್ಷಕಿ. ಒಂಬತ್ತನೆಯ ತರಗತಿಗೆ ಭಾಷೆ ಕಲಿಸುವವರು, ಆ ತರಗತಿಯ ಹೊಣೆಯೂ ಅವರದೇ. ಕೈಯಲ್ಲಿ ಹಾಜರಿ ಪುಸ್ತಕದ ಕೆಲವು ಪುಟಗಳ ನಕಲು ಇತ್ತು. ಹದಿನಾಲ್ಕು ವರ್ಷದ ಹುಡುಗನೊಬ್ಬ ಆಗಾಗ ಶಾಲೆ ತಪ್ಪಿಸುತ್ತಿದ್ದ. ಕಾರಣ ಕೇಳಿದರೆ ಜ್ವರ ಎನ್ನುತ್ತಿದ್ದ, ಇಲ್ಲವೇ ತಲೆನೋವು ಎನ್ನುತ್ತಿದ್ದ. ಚೀಟಿ ತರುತ್ತಿದ್ದ, ಕೆಳಗೆ ತಾಯಿಯ ಸಹಿಯೂ ಇರುತ್ತಿತ್ತು. ಅಂಕಗಳು ಸ್ವಲ್ಪ ಇಳಿದಿದ್ದವು, ಗಾಬರಿಯಾಗುವಷ್ಟಲ್ಲ. “ಅವನಿಂದ ಯಾರಿಗೂ ಒಂದು ತೊಂದರೆ ಇಲ್ಲ. ಅದಕ್ಕೇ ಯಾರೂ ಅವನ ಬಗ್ಗೆ ಮಾತನಾಡುವುದಿಲ್ಲ” ಎಂದರು ಶಿಕ್ಷಕಿ.

ಅವರ ಮಾತು ನಿಜ. ಜಗಳವಾಡಿದ ಹುಡುಗನ ವಿಷಯ ಸಂಜೆಯೊಳಗೆ ಶಿಕ್ಷಕರ ಕೊಠಡಿಯನ್ನೆಲ್ಲ ಸುತ್ತಿ ಬರುತ್ತದೆ. ಸುಮ್ಮನಿರುವ ಹುಡುಗ ಬಾರದಿದ್ದರೆ ಒಂದು ಚೌಕದಲ್ಲಿ ಗುರುತು ಬೀಳುತ್ತದೆ, ಅಷ್ಟೆ. ಶಾಲಾ ದಿನಗಳಲ್ಲಿ ಶೇ. 10ರಷ್ಟು ತಪ್ಪಿದರೆ ಅದನ್ನು ಗಂಭೀರವೆಂದು ಪರಿಗಣಿಸುವ ರೂಢಿ ಅಮೆರಿಕ, ಇಂಗ್ಲೆಂಡ್‌ಗಳಲ್ಲಿದೆ. 180 ದಿನಗಳ ಶಾಲಾ ವರ್ಷದಲ್ಲಿ ಅದು 18 ದಿನ. ತಿಂಗಳಿಗೆ ಎರಡು ದಿನ ತಪ್ಪಿದರೂ ಮಗು ಅಲ್ಲಿಗೆ ಮುಟ್ಟುತ್ತದೆ. ತಿಂಗಳಿಗೆ ಎರಡು ದಿನ ಎಂದರೆ ಯಾರಿಗೂ ಹೆಚ್ಚೆನಿಸುವುದಿಲ್ಲ, ಹಾಗಾಗಿ ಯಾರೂ ಕೂಡಿಸಿ ನೋಡುವುದಿಲ್ಲ. ಈ ಶಿಕ್ಷಕಿ ಕೂಡಿಸಿ ನೋಡಿದ್ದರು.

ಅವರ ಅನುಮಾನ ತರಗತಿಯ ಒಳಗೇ ಇತ್ತು. ಯಾರೋ ಕಾಡಿಸುತ್ತಿರಬೇಕು, ಅಥವಾ ಗಣಿತದ ಭಯ. ನಾನು ಅವರನ್ನು ಕೇಳಿದ್ದು ಬೇರೆ ಪ್ರಶ್ನೆ: ಈ ಹುಡುಗನ ಗೈರಿನಿಂದ ಯಾರಿಗೆ ಏನು ಸಿಗುತ್ತಿದೆ? ಮನೋವಿಜ್ಞಾನಿಗಳಾದ ಕ್ರಿಸ್ಟೋಫರ್ ಕಿಯರ್ನಿ ಮತ್ತು ವೆಂಡಿ ಸಿಲ್ವರ್‌ಮನ್ 1990ರ ದಶಕದಲ್ಲಿ ಶಾಲೆ ತಪ್ಪಿಸುವ ಮಕ್ಕಳನ್ನು ಅರಿಯಲು ಇಂಥದೊಂದು ದಾರಿ ಹಾಕಿಕೊಟ್ಟರು. ಮಗು ಶಾಲೆಯಲ್ಲಿ ಆಗುವ ಆತಂಕ, ಸಂಕಟಗಳಿಂದ ತಪ್ಪಿಸಿಕೊಳ್ಳುತ್ತಿರಬಹುದು. ಪರೀಕ್ಷೆ, ಪ್ರಶ್ನೆ, ಸಹಪಾಠಿಗಳ ಎದುರು ನಿಲ್ಲುವುದರಿಂದ ತಪ್ಪಿಸಿಕೊಳ್ಳುತ್ತಿರಬಹುದು. ಮನೆಯವರ ಸಾಮೀಪ್ಯ ಬಯಸುತ್ತಿರಬಹುದು. ಅಥವಾ ಶಾಲೆಯ ಹೊರಗೆ ಹೆಚ್ಚು ಹಿತವಾದದ್ದೇನೋ ಸಿಗುತ್ತಿರಬಹುದು. ನಾಲ್ಕಕ್ಕೂ ಹೊರಗಿನಿಂದ ಕಾಣುವ ರೂಪ ಒಂದೇ, ಖಾಲಿ ಬೆಂಚು. ಕಾರಣ ತಿಳಿಯದೆ ಔಷಧ ಕೊಟ್ಟರೆ ತಿರುಗುಬಾಣವಾಗುತ್ತದೆ. ಮೊಬೈಲ್ ಆಟಕ್ಕಾಗಿ ಮನೆಯಲ್ಲಿ ಉಳಿಯುವವನಿಗೆ ಮನೆಯ ಶಿಸ್ತು ಬಿಗಿಯಾದರೆ ಒಳಿತಾದೀತು. ಭಯದಿಂದ ಉಳಿಯುವವನಿಗೆ ಅದೇ ಬಿಗಿ ಇನ್ನಷ್ಟು ಭಯ ತರುತ್ತದೆ.

ಇಬ್ಬರೂ ಕುಳಿತು ಹಾಜರಿ ಪುಟಗಳನ್ನು ಓದಿದೆವು. ಗೈರಿನ ದಿನಗಳಿಗೂ ಕಿರುಪರೀಕ್ಷೆಗಳಿಗೂ ನಂಟು ಕಾಣಲಿಲ್ಲ. ಗಣಿತದ ತರಗತಿ ಇದ್ದ ದಿನವೂ ಬಂದಿದ್ದ, ಇಲ್ಲದ ದಿನವೂ ತಪ್ಪಿಸಿದ್ದ. ಭಯದಿಂದ ಶಾಲೆ ತಪ್ಪಿಸುವ ಮಕ್ಕಳಲ್ಲಿ ರಜೆ ಮುಗಿದ ಮರುದಿನ ಸಾಮಾನ್ಯವಾಗಿ ಕಠಿಣವಾಗಿರುತ್ತದೆ. ಇವನು ಅಂಥ ದಿನಗಳಲ್ಲಿ ತಪ್ಪದೆ ಬಂದಿದ್ದ. ಬದಲಿಗೆ ಗೈರು ಗುಂಪುಗುಂಪಾಗಿ ಬೀಳುತ್ತಿತ್ತು: ಒಂದು ವಾರ ಎರಡು ಮೂರು ದಿನ, ಆಮೇಲೆ ಕೆಲವು ವಾರ ಏನೂ ಇಲ್ಲ. ಆಗ ಶಿಕ್ಷಕಿ, ಅದೇ ಶಾಲೆಯ ಮೂರನೆಯ ತರಗತಿಯಲ್ಲಿ ಅವನ ತಂಗಿ ಓದುತ್ತಾಳೆಂದು ಹೇಳಿದರು. ಅವಳ ಹಾಜರಿ ಹೇಗಿದೆ ಎಂದು ಕೇಳಿದೆ. ಮರುವಾರ ನೋಡಿಕೊಂಡು ಬಂದರು. ಅವಳು ಹೆಚ್ಚುಕಡಿಮೆ ಒಂದು ದಿನವೂ ತಪ್ಪಿಸಿರಲಿಲ್ಲ, ಅಣ್ಣ ಬಾರದ ದಿನ ಕೂಡ. ಅಂಥ ದಿನಗಳಲ್ಲಿ ಅವಳನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದವನು ಅಣ್ಣನೇ ಎಂದು ಅವಳ ಶಿಕ್ಷಕಿಗೆ ಗೊತ್ತಿತ್ತು. ಅದು ವಿಚಿತ್ರವೆಂದು ಅವರಿಗೆ ಅನ್ನಿಸಿರಲಿಲ್ಲ.

ಗೇಟಿನವರೆಗೆ ಬರುವ ಹುಡುಗನಿಗೆ ಶಾಲೆಯ ಭಯ ಇರುವ ಸಾಧ್ಯತೆ ಕಡಿಮೆ. ಬೆಳಿಗ್ಗೆ ಸಮವಸ್ತ್ರ ತೊಡುವ ಹೊತ್ತಿಗೇ ಹೊಟ್ಟೆನೋವು ಶುರುವಾಗುವ ಮಕ್ಕಳನ್ನು ನೋಡಿದವರಿಗೆ ಇದು ಗೊತ್ತು. ಇವನನ್ನು ಮನೆ ಹಿಂದಕ್ಕೆ ಕರೆಯುತ್ತಿತ್ತು.

ಮುಂದಿನ ಹೆಜ್ಜೆ ಹುಡುಗನೊಂದಿಗೆ ಮಾತು. ಅದನ್ನು ನಾನೇ ಆಡಬಹುದಿತ್ತು. ಆದರೆ ಮಾತೇ ಕಡಿಮೆಯಾದ ಹದಿನಾಲ್ಕರ ಹುಡುಗನನ್ನು ಅಪರಿಚಿತ ಆಪ್ತಸಮಾಲೋಚಕಿಯ ಎದುರು ಕೂರಿಸಿದರೆ ಎರಡು ಸಲ ತಲೆ ಅಲ್ಲಾಡಿಸಿ ಎದ್ದುಹೋಗುತ್ತಾನೆ. ಅವನಿಗೆ ನಂಬಿಕೆ ಇದ್ದದ್ದು ಈ ಶಿಕ್ಷಕಿಯ ಮೇಲೆ. ಹಾಗಾಗಿ ನನ್ನ ಸಲಹೆ ಅವರಿಗೇ.

ಶಿಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ “ಯಾಕೆ ಬರಲಿಲ್ಲ?” ಎಂಬುದು. ಎಷ್ಟೇ ಮೃದುವಾಗಿ ಕೇಳಿದರೂ ಮಗುವಿಗೆ ಅದು ವಿಚಾರಣೆಯಾಗಿಯೇ ಕೇಳಿಸುತ್ತದೆ, ಉತ್ತರವಾಗಿ ಚೀಟಿಯಲ್ಲಿದ್ದ ಜ್ವರವೇ ಬರುತ್ತದೆ. ಒಮ್ಮೆ ಸುಳ್ಳು ಹೇಳಿದ ಮೇಲೆ ಅದನ್ನು ಕಾಪಾಡುವ ಹೊಣೆಯೂ ಮಗುವಿನ ಹೆಗಲಿಗೆ ಬೀಳುತ್ತದೆ. ಅದಕ್ಕೆ ಬದಲಾಗಿ ಕಂಡದ್ದನ್ನು ಹೇಳಿ, ಅಲ್ಲಿಗೆ ನಿಲ್ಲಿಸಿ ಎಂದೆ. “ನೀನು ಬಾರದ ದಿನ ನನಗೆ ಗೊತ್ತಾಗುತ್ತದೆ. ಬೈಯಲು ಹೇಳುತ್ತಿಲ್ಲ.” ಇಷ್ಟೇ ಸಾಕು. ತರಗತಿಯಲ್ಲಿ ಎಲ್ಲರೆದುರು ಬೇಡ, ಶಿಕ್ಷಕರ ಕೊಠಡಿಗೆ ಕರೆಸುವುದೂ ಬೇಡ. ಕರೆಸಿದರೆ ಉಳಿದ ಮಕ್ಕಳು ಕಾರಣ ಕೇಳುತ್ತಾರೆ. ಪುಸ್ತಕ ಜೋಡಿಸುವಂಥ ಏನಾದರೊಂದು ಕೆಲಸ ಕೊಟ್ಟು, ಇಬ್ಬರ ಕಣ್ಣೂ ಬೇರೆ ಕಡೆ ಇರುವಾಗ ಹೇಳಿ. ಮೌನವಾಗಿದ್ದರೆ ಆ ಮೌನವನ್ನು ತುಂಬಲು ಹೋಗಬೇಡಿ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಿದೆ: “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡಿ. ಪ್ರೀತಿಯಿಂದ ಕೊಡುವ ಈ ಮಾತನ್ನು, ಮಗುವಿಗೋ ಮನೆಯ ಇನ್ನೊಬ್ಬರಿಗೋ ಅಪಾಯ ಇದೆಯೆಂದು ತಿಳಿದ ಕ್ಷಣ ಮುರಿಯಬೇಕಾಗುತ್ತದೆ. ಆಮೇಲೆ ಆ ಮಗು ಯಾವ ದೊಡ್ಡವರನ್ನೂ ನಂಬುವುದಿಲ್ಲ. “ಹೇಳಬೇಕಾದ ವಿಷಯವಾದರೆ ಯಾರಿಗೆ ಹೇಳುತ್ತೇನೆಂದು ಮೊದಲು ನಿನಗೆ ತಿಳಿಸುತ್ತೇನೆ. ನಿನಗೆ ತಿಳಿಯದ ಹಾಗೆ ಏನನ್ನೂ ಮಾಡುವುದಿಲ್ಲ.” ಇಷ್ಟು ಹೇಳಿದರೆ ಅದನ್ನು ಉಳಿಸಿಕೊಳ್ಳಲು ಸಾಧ್ಯ.

ಮೊದಲ ಸಲ ಅವನು “ಏನೂ ಇಲ್ಲ ಮಿಸ್” ಎಂದು ಪುಸ್ತಕ ಜೋಡಿಸಿಟ್ಟು ಹೋದ. ಎರಡನೆಯ ಸಲವೂ ಅಷ್ಟೆ. ಶಿಕ್ಷಕಿ ನಿರಾಸೆಯಿಂದ ಫೋನ್ ಮಾಡಿದರು. ಅವನು ಎರಡನೆಯ ಸಲ ಕರೆದಾಗ ಬಂದನಲ್ಲ, ಅದೇ ಉತ್ತರ ಎಂದೆ. ಕೆಲವು ದಿನಗಳ ನಂತರ ಅವನೇ ಬಂದು ಜೋಡಿಸುವುದು ಏನಾದರೂ ಇದೆಯೇ ಎಂದು ಕೇಳಿದನಂತೆ. ಆ ದಿನ, ಕಪಾಟಿನ ಕಡೆ ಮುಖ ಮಾಡಿಕೊಂಡು ಹೇಳಿದ: “ಅಪ್ಪ ಕೆಲಸಕ್ಕೆ ಬೇರೆ ಊರಿಗೆ ಹೋದಾಗ ಅಮ್ಮ ಏಳುವುದಿಲ್ಲ ಮಿಸ್.” ಆಮೇಲೆ ಮೆಲ್ಲನೆ, “ಒಮ್ಮೆ ಅಮ್ಮ, ನಾನಿಲ್ಲದಿದ್ದರೆ ನಿಮಗೆಲ್ಲ ಒಳ್ಳೆಯದು ಎಂದರು. ಅದಕ್ಕೇ ನಾನು ಮನೆಯಲ್ಲಿ ಇರುತ್ತೇನೆ.”

ಹುಡುಗ ತಾಯಿಯನ್ನು ಕಾಯುತ್ತಿದ್ದ. ತಂಗಿಗೆ ಏನೂ ತಿಳಿಯಬಾರದೆಂದು ಅವಳನ್ನು ಶಾಲೆಗೆ ಬಿಟ್ಟು, ಹಿಂದಿರುಗಿ ಪಕ್ಕದ ಕೋಣೆಯಲ್ಲಿ ಕುಳಿತು ತಾಯಿಯ ಉಸಿರಿನ ಸದ್ದು ಕೇಳಿಸಿಕೊಳ್ಳುತ್ತಿದ್ದ. ಕಿಯರ್ನಿ, ಸಿಲ್ವರ್‌ಮನ್ ಹೇಳಿದ ನಾಲ್ಕು ವರ್ಗಗಳಲ್ಲಿ ಇವನನ್ನು ಬಲವಂತವಾಗಿ ಕೂರಿಸುವುದಾದರೆ ಮೂರನೆಯದರಲ್ಲಿ ಕೂರಿಸಬೇಕು, ಅದೂ ತಲೆಕೆಳಗಾಗಿ: ಇವನು ಆರೈಕೆ ಬಯಸಿ ತಾಯಿಯ ಹತ್ತಿರ ಉಳಿದಿರಲಿಲ್ಲ, ಆರೈಕೆ ಕೊಡಲು ಉಳಿದಿದ್ದ. ಮಗುವೇ ಪಾಲಕನಾಗುವ ಈ ಸ್ಥಿತಿಯನ್ನು ಕುಟುಂಬ ಚಿಕಿತ್ಸಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದರಲ್ಲಿ ಎರಡು ಬಗೆ. ಮನೆಕೆಲಸ, ತಮ್ಮ-ತಂಗಿಯರ ದೇಖರೇಖಿ ಒಂದು. ದೊಡ್ಡವರ ದುಃಖವನ್ನು ಹೊರುವುದು ಇನ್ನೊಂದು. ಮೊದಲನೆಯದು ಮಿತಿಯಲ್ಲಿದ್ದು ಯಾರಾದರೂ ಗುರುತಿಸಿ ಮೆಚ್ಚಿದರೆ ಮಗುವಿಗೆ ಅಷ್ಟಾಗಿ ಕೆಡುಕಾಗದು. ಎರಡನೆಯದು ಒಳಗೊಳಗೇ ಸವೆಸುತ್ತದೆ, ಏಕೆಂದರೆ ಆ ಕೆಲಸ ಮುಗಿಯಿತು ಎನ್ನುವ ಹೊತ್ತೇ ಬರುವುದಿಲ್ಲ.

ಶಿಕ್ಷಕಿ ಅದೇ ಮಧ್ಯಾಹ್ನ ನನಗೆ ಕರೆ ಮಾಡಿದರು. ಇಂಥ ಮಾತು ಕಿವಿಗೆ ಬಿದ್ದ ಮೇಲೆ ನಿಧಾನಕ್ಕೆ ಅವಕಾಶವಿಲ್ಲ. ಹುಡುಗನಿಗೆ ಮೊದಲೇ ತಿಳಿಸಿ, ಮುಖ್ಯೋಪಾಧ್ಯಾಯರ ಮೂಲಕ ತಂದೆಯನ್ನು ಅಂದೇ ಸಂಪರ್ಕಿಸಿದೆವು. ತಂದೆಗೆ ಹೆಂಡತಿಯ ಖಿನ್ನತೆ ಹೊಸ ಸುದ್ದಿಯಲ್ಲ. ಹಿಂದೊಮ್ಮೆ ಚಿಕಿತ್ಸೆ ಆಗಿತ್ತು, ಗುಣವಾಯಿತೆಂದು ಮಾತ್ರೆ ನಿಲ್ಲಿಸಿದ್ದರು. ಮಗ ಶಾಲೆ ಬಿಟ್ಟು ಕಾವಲು ಕೂರುತ್ತಿದ್ದಾನೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಅವರು ಆ ರಾತ್ರಿಯೇ ಹೊರಟು ಬಂದರು. ಅಲ್ಲಿಯವರೆಗೆ ತಾಯಿಯ ಅಕ್ಕ ಮನೆಗೆ ಬಂದು ಜೊತೆಯಲ್ಲಿದ್ದರು. ಮರುದಿನ ಮನೋವೈದ್ಯರ ಭೇಟಿ ಆಯಿತು. ನಾನೂ ತಾಯಿಯೊಂದಿಗೆ ಮಾತನಾಡಿದೆ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಸಂಶೋಧನೆಗಳು ಈ ಹೆದರಿಕೆಯನ್ನು ಸಮರ್ಥಿಸುವುದಿಲ್ಲ. ಕೇಳಿಸಿಕೊಂಡವರಿಗೆ ಬಹಳ ಸಲ ಹಗುರವೇ ಆಗುತ್ತದೆ. ಆ ತಾಯಿ ಅತ್ತರು. ಮಗನಿಗೆ ಆ ಮಾತು ಕೇಳಿಸಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ.

ತಾಯಿಯ ಚಿಕಿತ್ಸೆಯ ವಿಷಯ ಇಲ್ಲಿಗೆ ಬಿಡುತ್ತೇನೆ. ಹುಡುಗನ ವಿಷಯಕ್ಕೆ ಬಂದರೆ, ತಾಯಿಗೆ ವೈದ್ಯರು ಸಿಕ್ಕರು ಎಂದಮಾತ್ರಕ್ಕೆ ಅವನ ಕಾವಲು ಮುಗಿಯಲಿಲ್ಲ. ಶಾಲೆಗೆ ಬಂದರೂ ಕಣ್ಣು ಗಡಿಯಾರದ ಮೇಲೆ. ಗಂಟೆಗೊಮ್ಮೆ ಮನೆಗೆ ಫೋನ್ ಮಾಡಲು ಬಿಡೋಣವೇ ಎಂದು ಶಾಲೆಯವರು ಕೇಳಿದರು. ಕರುಣೆಯಿಂದ ಬಂದ ಸಲಹೆಯಾದರೂ ನಾನು ಒಪ್ಪಲಿಲ್ಲ. ಪದೇ ಪದೇ ವಿಚಾರಿಸಿಕೊಂಡಷ್ಟೂ ಆತಂಕ ಆ ಕ್ಷಣಕ್ಕೆ ತಗ್ಗಿ ಮತ್ತೆ ಹೆಚ್ಚಾಗುತ್ತದೆ, ಜೊತೆಗೆ ಕಾವಲುಗಾರ ನೀನೇ ಎಂದು ಮತ್ತೆ ಮತ್ತೆ ಹೇಳಿದಂತಾಗುತ್ತದೆ. ಹಾಗೆಂದು ಫೋನನ್ನು ಪೂರ್ತಿ ನಿಲ್ಲಿಸುವುದೂ ಸರಿಯಲ್ಲ; ಅವನ ಭಯ ಕಲ್ಪನೆಯದಾಗಿರಲಿಲ್ಲ. ಆದ್ದರಿಂದ ಹೀಗೆ ಮಾಡಿದೆವು: ಹಗಲಿನಲ್ಲಿ ತಾಯಿಯ ಜೊತೆ ಯಾರು ಇರುತ್ತಾರೆಂದು ತಂದೆ ಮಗನಿಗೆ ಹಿಂದಿನ ರಾತ್ರಿಯೇ ಹೆಸರು ಹಿಡಿದು ಹೇಳಬೇಕು. ಊಟದ ಬಿಡುವಿನಲ್ಲಿ ದೊಡ್ಡಮ್ಮ ಶಾಲೆಯ ಕಚೇರಿಗೆ ಒಂದು ಕರೆ ಮಾಡಬೇಕು, ಸುದ್ದಿ ಅವನಿಗೆ ತಲುಪಬೇಕು. ಕರೆ ಮಾಡುವ ಕೆಲಸ ದೊಡ್ಡವರದು. ಕೆಲವು ವಾರಗಳ ನಂತರ ಅವನೇ ಆ ಕರೆಯನ್ನು ಕೇಳಲು ಮರೆಯತೊಡಗಿದ. ಆಗ ನಿಲ್ಲಿಸಿದೆವು.

ತಂದೆಗೆ ಇನ್ನೊಂದು ಮಾತು ಹೇಳಿದೆ. “ನಾನಿಲ್ಲದಾಗ ಮನೆಗೆ ನೀನೇ ಗಂಡಸು” ಎನ್ನುವುದನ್ನು ಬಿಟ್ಟುಬಿಡಿ. ಅವನು ಅದನ್ನು ಅಕ್ಷರಶಃ ತೆಗೆದುಕೊಂಡಿದ್ದ.

ಶಾಲೆಗೆ ಹಿಂದಿರುಗುವುದು ಮಗುವಿಗೆ ದುಬಾರಿಯಾಗಬಾರದು ಎಂಬುದು ಶಿಕ್ಷಕಿಗೆ ನಾನು ಕೊಟ್ಟ ಸಲಹೆಯ ತಿರುಳು. ತಪ್ಪಿದ ನೋಟ್ಸ್ ಪೂರ್ತಿ ಬರೆದು ತಾ ಎಂದರೆ ಅದು ಹೊಸ ಶಿಕ್ಷೆ. ಪ್ರತಿ ವಿಷಯದಲ್ಲಿ ಮುಂದಿನ ಪಾಠಕ್ಕೆ ಬೇಕಾದಷ್ಟನ್ನು ಮಾತ್ರ ಆರಿಸಿ, ಉಳಿದದ್ದನ್ನು ಮನ್ನಾ ಮಾಡಲು ಸಹೋದ್ಯೋಗಿಗಳನ್ನು ಒಪ್ಪಿಸಿ ಎಂದೆ. ಇಬ್ಬರು ಒಪ್ಪಿದರು, ಒಬ್ಬರು ಕಡೆಯವರೆಗೂ ಒಪ್ಪಲಿಲ್ಲ. ಸಹಪಾಠಿಗಳು “ಎಲ್ಲಿಗೆ ಹೋಗಿದ್ದೆ?” ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೊಂದು ಉತ್ತರವನ್ನು ಅವನೊಂದಿಗೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಅವನು ಆರಿಸಿದ್ದು “ಮನೆಯಲ್ಲಿ ಕೆಲಸ ಇತ್ತು” ಎಂಬುದನ್ನು. ಸುಳ್ಳಲ್ಲ, ಎಲ್ಲವನ್ನೂ ಹೇಳಿದಂತೆಯೂ ಅಲ್ಲ. ಅವನು ಬಂದ ದಿನ ತರಗತಿಯಲ್ಲಿ ಸ್ವಾಗತಿಸಿ ಚಪ್ಪಾಳೆ ಹೊಡೆಸುವುದಂತೂ ಬೇಡವೇ ಬೇಡ. ಮೌನಿಯಾದ ಹುಡುಗನಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಕೊನೆಗೆ ಶಿಕ್ಷಕಿಯ ಬಗ್ಗೆಯೇ ಮಾತನಾಡಬೇಕಾಯಿತು. ಅವರು ರಾತ್ರಿ ಹತ್ತಕ್ಕೆ ಹುಡುಗನಿಗೆ ಸಂದೇಶ ಕಳುಹಿಸತೊಡಗಿದ್ದರು, ರಜೆಯಲ್ಲಿ ಅವನ ಮನೆಯವರೆಗೂ ಹೋಗಿ ಬಂದಿದ್ದರು, ನಿದ್ದೆ ಬರುತ್ತಿಲ್ಲ ಎಂದರು. ಕಾಳಜಿ ತುಂಬ ದೊಡ್ಡದು. ಆದರೆ ಮನೆಯಲ್ಲಿ ಒಬ್ಬರನ್ನು ಕಾಯುವ ಹುಡುಗ, ತನ್ನಿಂದಾಗಿ ಮಿಸ್ ಕೂಡ ಬಳಲಿದ್ದಾರೆಂದು ತಿಳಿದರೆ ಅವರನ್ನೂ ಕಾಯಲು ಶುರುಮಾಡುತ್ತಾನೆ. ಸಂದೇಶಗಳನ್ನು ನಿಲ್ಲಿಸಿ ಎಂದೆ. ವಾರದಲ್ಲಿ ಒಂದು ನಿಗದಿತ ದಿನ, ಹತ್ತು ನಿಮಿಷ, ಅದೇ ಕಪಾಟಿನ ಬಳಿ. ತುರ್ತು ಬಂದರೆ ಮುಖ್ಯೋಪಾಧ್ಯಾಯರಿಗೆ, ನನಗೆ ಹೇಳುವ ದಾರಿ ಇದೆ. ಮೊದಲು ಅವರಿಗೆ ಇದು ಕಟುವೆನಿಸಿತು. ನಾನು ಪಟ್ಟು ಬಿಡಲಿಲ್ಲ.

ಹುಡುಗ ನನ್ನನ್ನು ಎರಡು ಸಲ ಭೇಟಿಯಾದ, ಮೂರನೆಯ ಸಲ ಬರುವುದಿಲ್ಲ ಎಂದ. ಒತ್ತಾಯಿಸಲಿಲ್ಲ. ತನ್ನ ಸ್ವಂತ ಬದುಕಿನ ಬಗ್ಗೆ ನಡೆಯುವ ಮಾತುಕತೆಯಲ್ಲಿ ಮಗುವಿನ ಅಭಿಪ್ರಾಯಕ್ಕೆ ತೂಕ ಇರಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ; ಅದು ಅನುಕೂಲವಾದಾಗ ಮಾತ್ರ ನೆನಪಾದರೆ ಪ್ರಯೋಜನವಿಲ್ಲ. ಅವನಿಗೆ ಶಿಕ್ಷಕಿ ಸಾಕಾಗಿತ್ತು. ಗೈರು ಪೂರ್ತಿ ನಿಂತಿಲ್ಲ. ತಂದೆಯ ಪ್ರಯಾಣವೂ ನಿಂತಿಲ್ಲ, ತಾಯಿಗೆ ಕೆಟ್ಟ ದಿನಗಳು ಈಗಲೂ ಬರುತ್ತವೆ. ಆದರೆ ಈಗ ಗೈರಾದ ದಿನ ತಂದೆ ಬೆಳಿಗ್ಗೆಯೇ ಕಚೇರಿಗೆ ನಿಜವಾದ ಕಾರಣ ಹೇಳುತ್ತಾರೆ.

ಮುಂದಿನ ವರ್ಷ ತರಗತಿ ಬದಲಾಗುತ್ತದೆ. ಹೊಸ ಶಿಕ್ಷಕರಿಗೆ ಏನು ತಿಳಿಸಬೇಕೆಂದು ಈ ಶಿಕ್ಷಕಿ ಕೇಳಿದ್ದಾರೆ. ತಾಯಿಯ ಕಾಯಿಲೆಯ ಹೆಸರು ಶಾಲೆಯ ಕಡತದಲ್ಲಿ ಬೇಡ ಎಂದಿದ್ದೇನೆ. ಈ ಹುಡುಗ ಸತತ ಎರಡು ದಿನ ಬಾರದಿದ್ದರೆ ಅದೇ ದಿನ ತಂದೆಗೆ ಕರೆ ಮಾಡಬೇಕು, ತಂದೆ ಊರಲ್ಲಿಲ್ಲದಿದ್ದರೆ ದೊಡ್ಡಮ್ಮನಿಗೆ. ಬರೆಯುವುದು ಇಷ್ಟೇ. ಬರೆಯುವ ಮೊದಲು ಅದನ್ನು ಹುಡುಗನಿಗೆ ಓದಿ ತೋರಿಸಬೇಕು.